ಇಡ್ಲಿ ಕೆರೆಗೆ ನಾಲ್ಕನೆಯವನು

ಆ ಭಾನುವಾರ ಸ್ವೀಡನ್ನಿನ ವೆಸ್ಟೆರಾಸ್ ಊರಿನ ನಮ್ಮ ಮನೆಯ ಊಟದ ಮೇಜಿನ ಸುತ್ತ ಇದ್ದವರು ನಾಲ್ಕು ಜನ: ನಾನು, ನನ್ನ ಹೆಂಡತಿ ಶೈಲಾ, ನನ್ನದೇ ಆಫೀಸಿನಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷೆ ಮಾಡುವ ಗೆಳೆಯ ಉಮೇಶ, ಅವನ ಹೆಂಡತಿ ದೀಪ್ತಿ. ಮೇಜಿನ ನಡುವೆ ಅಗಲವಾದ ಪಾತ್ರೆಯಲ್ಲಿ ಸಾಂಬಾರು ಇತ್ತು. ಉಮೇಶ ಇಡ್ಲಿಗಳನ್ನು ಮುರಿದು ಮುರಿದು ಅದರಲ್ಲಿ ತೇಲಿಬಿಡುತ್ತಿದ್ದ. ತಿನ್ನುವುದಕ್ಕಲ್ಲ, ನಮಗೆ ಐಸ್‌ಲ್ಯಾಂಡಿನ ಒಂದು ಕೆರೆಯ ಪಾಠ ಹೇಳುವುದಕ್ಕೆ. ಇಡ್ಲಿ ಕುಕ್ಕರನ್ನು ಪಾತ್ರೆಯ ಅಂಚಿಗೆ ತಂದು ನಿಲ್ಲಿಸಿ, ಇದು ಹಿಮನದಿ ಎಂದ. ಅದರ ತುದಿ ಒಡೆದು ಕೆರೆಗೆ ಬೀಳುತ್ತದಂತೆ, ಬಿದ್ದ ಗುಡ್ಡಗಳು ನಿಧಾನವಾಗಿ ಸಮುದ್ರದ ಕಡೆ ತೇಲುತ್ತವಂತೆ, ಅವುಗಳ ನಡುವೆ ನಮ್ಮ ದೋಣಿಯಂತೆ. ದೋಣಿಯ ಪಾತ್ರವನ್ನು ಒಂದು ಚಮಚ ವಹಿಸಿತ್ತು. ಶೈಲಾಳ ಇಡ್ಲಿ ಹಗುರವಾದ್ದರಿಂದ ಪಾಠ ನಡೆಯಿತು. ನಾನು ಮಾಡಿದ ಇಡ್ಲಿಯಾಗಿದ್ದರೆ ಐಸ್‌ಲ್ಯಾಂಡು ಅಲ್ಲಿಗೇ ತಳ ಸೇರುತ್ತಿತ್ತು. ದೀಪ್ತಿ ಒಂದು ಹಿಮಗುಡ್ಡವನ್ನೆತ್ತಿ ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆ ಎಂದಳು.

ಆ ಕೆರೆಗೆ ಐಸ್‌ಲ್ಯಾಂಡಿನವರು ಇಟ್ಟಿರುವ ಹೆಸರು ನಮ್ಮ ನಾಲಿಗೆಗೆ ಹತ್ತುವಂಥದ್ದಲ್ಲ. ಅಂದಿನಿಂದ ನಮ್ಮ ಪಾಲಿಗೆ ಅದು ಇಡ್ಲಿ ಕೆರೆಯಾಯಿತು. ಬರುವ ಬೇಸಿಗೆಯಲ್ಲಿ ನಾಲ್ವರೂ ಅಲ್ಲಿ ದೋಣಿ ಹತ್ತುವುದೆಂದು ತೀರ್ಮಾನವೂ ಆಯಿತು.

ಸ್ವೀಡನ್ನಿನಲ್ಲಿ ಕೂತು ಮಂಜುಗಡ್ಡೆ ನೋಡಲು ಪ್ರವಾಸ ಹೊರಡುವುದರಲ್ಲಿ ಏನೋ ಎಡವಟ್ಟಿದೆ ಎಂದು ನನಗೂ ಹೊಳೆಯದೆ ಇರಲಿಲ್ಲ. ಆಫೀಸಿನಲ್ಲಿ ಫೀಕಾ ಹೊತ್ತಿನಲ್ಲಿ, ಎಂದರೆ ಕಾಫಿ ಕುಡಿಯುತ್ತಾ ದಾಲ್ಚಿನ್ನಿ ಬನ್ನು ತಿನ್ನುವುದೂ ಕೆಲಸವೇ ಎಂದು ಈ ದೇಶ ಒಪ್ಪಿಕೊಂಡಿರುವ ಹೊತ್ತಿನಲ್ಲಿ, ನಮ್ಮ ಯೋಜನೆಯನ್ನು ಬಾಯಿಬಿಟ್ಟೆ. ಎದುರಿಗೆ ಕೂತಿದ್ದ ಲೆನಾರ್ಟ್ ತುಂಬ ಹೊತ್ತು ಯೋಚಿಸಿದ. ಆಮೇಲೆ, ಜನವರಿಯ ಬೆಳಿಗ್ಗೆ ತನ್ನ ಕಾರಿನ ಗಾಜಿನ ಮೇಲೆ ಬೇಕಾದಷ್ಟು ಇರುತ್ತದೆ, ಬಂದು ನೋಡಬಹುದು, ಕೆರೆಯುವ ಸಲಕರಣೆಯನ್ನೂ ತಾನೇ ಕೊಡುತ್ತೇನೆ ಎಂದು ಗಂಭೀರವಾಗಿಯೇ ಹೇಳಿದ. ನಮ್ಮೂರ ಪಕ್ಕದ ಮೆಲಾರೆನ್ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಜನ ಅದರ ಮೇಲೆ ಸ್ಕೇಟಿಂಗ್ ಮಾಡುತ್ತಾರೆ, ಮಡಚುವ ಕುರ್ಚಿ ಹಾಕಿಕೊಂಡು ತೂತು ಕೊರೆದು ಮೀನು ಹಿಡಿಯುತ್ತಾರೆ. ಅಂಥವರಿಗೆ ನಮ್ಮ ಆಸೆ ಅರ್ಥವಾಗುವುದಾದರೂ ಹೇಗೆ?

ಆದರೆ ನಾವು ಮಂಜುಗಡ್ಡೆಯನ್ನು ದುಡ್ಡು ಕೊಟ್ಟು ಕೊಂಡು ಬೆಳೆದವರು. ತಿಪಟೂರಿನ ಸೋಡಾ ಅಂಗಡಿಯಲ್ಲಿ ಗೋಣಿಚೀಲ ಹೊದ್ದು, ಮರದ ಹೊಟ್ಟಿನಲ್ಲಿ ಮಲಗಿರುತ್ತಿದ್ದ ಆ ದೊಡ್ಡ ದಿಮ್ಮಿಯನ್ನು ಕಂಡರೆ ನಮಗೆ ಭಕ್ತಿ. ಅಂಗಡಿಯವನು ಮೊಳೆ ಇಟ್ಟು ಕುಟ್ಟುವಾಗ ಹಾರಿದ ಚೂರು ಯಾರ ಕಾಲ ಬಳಿ ಬಿತ್ತೋ ಅದು ಅವರದ್ದು. ಬೇಸಿಗೆಯ ಮಳೆಯಲ್ಲಿ ಆಲಿಕಲ್ಲು ಬಿದ್ದರೆ ಬಟ್ಟಲು ಹಿಡಿದು ಅಂಗಳಕ್ಕೆ ಓಡುತ್ತಿದ್ದೆವು; ಬಟ್ಟಲು ಒಳಗೆ ತರುವಷ್ಟರಲ್ಲಿ ಐಶ್ವರ್ಯವೆಲ್ಲ ನೀರು. ಇಡಿಯ ಗುಡ್ಡವೇ ಮಂಜಾಗಿರುವುದನ್ನು ನಾವು ನೋಡಿದ್ದು ಕ್ಯಾಲೆಂಡರಿನ ಕೈಲಾಸದಲ್ಲಿ ಮಾತ್ರ. ಅಲ್ಲಿಯೂ ಶಿವ ಬರಿಗಾಲಲ್ಲಿ ಕೂತಿರುತ್ತಿದ್ದ, ಶೀತದ ಸುಳಿವೇ ಇರುತ್ತಿರಲಿಲ್ಲ.

ಲೆನಾರ್ಟನ ಮಾತನ್ನು ಹೇಳಿದಾಗ ಉಮೇಶ ಒಪ್ಪಲಿಲ್ಲ. ಇಲ್ಲಿಯ ಮಂಜು ಸರ್ಕಾರಿ ನೌಕರನ ಹಾಗೆ, ಬಂದು ಕೂತರೆ ಏಪ್ರಿಲ್‌ವರೆಗೂ ಏಳುವುದಿಲ್ಲ. ಅಲ್ಲಿಯದು ಹಾಗಲ್ಲ, ಪ್ರಯಾಣ ಹೊರಟಿರುತ್ತದೆ ಎಂದ. ಪ್ರವಾಸದ ತಯಾರಿ ಎಂದರೆ ಅವನಿಗೆ ಮೈಯೆಲ್ಲ ಉತ್ಸಾಹ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರಿನಲ್ಲಿ ಇದು ಸಣ್ಣ ಗುಣವಲ್ಲ. ಆ ಚಳಿಗಾಲವೆಲ್ಲ ಭಾನುವಾರ ಭಾನುವಾರ ನಾವು ಆ ದೋಣಿ ಹತ್ತಿ ಇಳಿದೆವು. ಎಂಥ ಜಾಕೆಟ್ಟು, ಯಾವ ರಸ್ತೆ, ದೋಣಿಗೆ ಚಕ್ರ ಇರುವುದು ನಿಜವೇ, ಇದ್ದರೆ ಅದನ್ನು ದೋಣಿ ಎನ್ನಬೇಕೋ ಬಸ್ಸು ಎನ್ನಬೇಕೋ. ನನ್ನ ಕೊಡುಗೆ ಒಂದೇ: ಉಳಿದುಕೊಳ್ಳುವ ಕಡೆ ಅನ್ನ ಮಾಡಲು ಒಲೆ ಇದೆಯೇ ಎಂದು ಪ್ರತಿ ವಾರ ಕೇಳುತ್ತಿದ್ದೆ. ಐಸ್‌ಲ್ಯಾಂಡಿನ ಬ್ಯಾಂಕುಗಳು ಆಗಷ್ಟೇ ಮುಳುಗಿದ್ದರಿಂದ ಅಲ್ಲಿ ಎಲ್ಲವೂ ಅಗ್ಗವಾಗಿತ್ತು. ಒಂದು ದೇಶ ಮುಳುಗಿದ ಸಮಯ ನೋಡಿ ಅಲ್ಲಿ ತೇಲಲು ಹೊರಟಿದ್ದೇವಲ್ಲ ಎಂದು ಶೈಲಾ ಆಗಾಗ ನೊಂದುಕೊಳ್ಳುತ್ತಿದ್ದಳು. ನೊಂದುಕೊಂಡೇ ದರಗಳನ್ನು ಹೋಲಿಸುತ್ತಿದ್ದಳು.

ಫೆಬ್ರವರಿಯಲ್ಲಿ ದೀಪ್ತಿ ತಂಗಿಯ ಸೀಮಂತಕ್ಕೆಂದು ಬೆಂಗಳೂರಿಗೆ ಹೋದಳು. ಹೋದವಳು ಬರಲಿಲ್ಲ. ಅವರಿಬ್ಬರ ನಡುವೆ ಏನಾಯಿತೆಂದು ನಾನು ಹೇಳಲಾರೆ, ಏಕೆಂದರೆ ನನಗೆ ಗೊತ್ತಿಲ್ಲ. ಇಬ್ಬರೂ ಒಳ್ಳೆಯವರು. ಒಳ್ಳೆಯವರಿಬ್ಬರು ಒಂದು ಮನೆಯಲ್ಲಿ ಇರಲಾರದೆ ಹೋಗುವುದುಂಟು ಎಂಬುದನ್ನು ಒಪ್ಪಿಕೊಳ್ಳಲು ನಮ್ಮಂಥವರಿಗೆ ಬಹಳ ಕಾಲ ಬೇಕು. ಯಾರದ್ದಾದರೂ ತಪ್ಪು ಸಿಕ್ಕಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಉಮೇಶ ಫೋನಿನಲ್ಲಿ ನಮಗೆ ತಿಳಿಸಿದ್ದು ಎರಡು ವಾಕ್ಯ. ಎರಡನೆಯದು, ಯಾರೂ ಏನೂ ಕೇಳಬೇಡಿ ಎಂಬುದು. ನಾವು ಕೇಳಲಿಲ್ಲ.

ಕೇಳದಿದ್ದರೂ ಕನ್ನಡಿಗರ ಲೆಕ್ಕದಲ್ಲಿ ಅವನು ಮೆಲ್ಲಗೆ ಕಾಣೆಯಾದ. ಪರದೇಶದಲ್ಲಿ ನಾವು ಜನರನ್ನು ತಲೆಯಿಂದ ಎಣಿಸುವುದಿಲ್ಲ, ಫ್ಯಾಮಿಲಿಯಿಂದ ಎಣಿಸುತ್ತೇವೆ. ಯುಗಾದಿಗೆ ಎಷ್ಟು ಫ್ಯಾಮಿಲಿ, ಹೋಳಿಗೆ ಎಷ್ಟು ಫ್ಯಾಮಿಲಿಗೆ. ಬ್ರಹ್ಮಚಾರಿಗಳಿಗೆ ಬೇರೆ ಖಾನೆ ಇದೆ, ಅವರಿಗೆ ಡಬ್ಬಿ ಕಟ್ಟಿಕೊಡುತ್ತೇವೆ. ಉಮೇಶ ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ಕರೆದವರಿಗೆ ಅವನು ಕೆಲಸ ಇದೆ ಎಂದ. ಕ್ರಮೇಣ, ಅವನಿಗೆ ಕೆಲಸ ಇರುತ್ತದೆ ಎಂದು ಕರೆಯುವವರೂ ಕಡಿಮೆಯಾದರು. ಆಫೀಸಿನಲ್ಲಿ ಅವನು ಟ್ರಾನ್ಸ್‌ಫಾರ್ಮರುಗಳ ಜೊತೆ ಇದ್ದುಬಿಡುತ್ತಿದ್ದ. ಅವು ಸದಾ ಗುಂಯ್ಗುಡುತ್ತಿದ್ದರೂ ಪ್ರಶ್ನೆ ಕೇಳುತ್ತಿರಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ನನ್ನ ಸೋದರತ್ತೆ ಬಂದರು. ಪದ್ದತ್ತೆ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಸರ್ವಿಸನ್ನು ಕಳೆದವರು. ಒಬ್ಬರ ತಂತಿಯನ್ನು ಇನ್ನೊಬ್ಬರಿಗೆ ಸಿಕ್ಕಿಸುವುದು ಅವರ ಕೆಲಸ, ನಿವೃತ್ತಿಯ ನಂತರ ಅದೇ ಸ್ವಭಾವ. ನನಗಿರುವ ನಾಲ್ಕು ಮಾತು ಅವರಿಂದ ಮತ್ತು ಅವರ ಅಕ್ಕತಂಗಿಯರಿಂದ ಕಲಿತದ್ದು. ಬಂದ ವಾರದಲ್ಲೇ ಇಡ್ಲಿ ಕೆರೆಯ ಕತೆ ಕೇಳಿ, ತಾವೂ ಬರುವುದಾಗಿ ಹೇಳಿದರು. ಉಮೇಶನಿಗೆ ಫೋನು ಮಾಡಿದೆ. ಅವನು ರಸ್ತೆ, ವಸತಿ, ದೋಣಿಯ ಹೊತ್ತು ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ, ಒಲೆ ಇರುವ ಕೋಣೆಯನ್ನೂ ಹುಡುಕಿಟ್ಟಿದ್ದ. ಕೊನೆಗೆ, "ನೀವು ಮೂವರೂ ಹೋಗಿ ಬನ್ನಿ ಶ್ರೀನಿ, ಫೋಟೋ ಕಳಿಸಿ," ಎಂದು ಇಟ್ಟುಬಿಟ್ಟ.

ಅತ್ತೆ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವನು ಇಟ್ಟ ಮೇಲೂ ಒಂದು ಗಳಿಗೆ ಫೋನನ್ನೇ ನೋಡಿದರು. "ಮೂವರು ಅಂದನಾ? ಮೂವರು ಹೊರಡೋ ಹಾಗಿಲ್ಲ," ಎಂದರು.

ಗೊತ್ತಿರುವವರಿಗೆ ಗೊತ್ತು, ನಮ್ಮಲ್ಲಿ ಮೂರು ಜನ ಒಟ್ಟಿಗೆ ಹೊರಟರೆ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಏಕೆ ಕೆಡುತ್ತದೆ ಎಂದು ಯಾರೂ ಹೇಳಿಲ್ಲ. ಇಬ್ಬರು ಮಾತಾಡಿಕೊಂಡು ಒಬ್ಬನನ್ನು ಹಿಂದೆ ಬಿಡುತ್ತಾರೆ ಎಂಬ ಅನುಭವ ಅದರ ಹಿಂದೆ ಇರಬಹುದೆಂದು ನನ್ನ ಊಹೆ. ನಾಲ್ಕರ ಮೇಲೆ ಮಾತ್ರ ನಮಗೆ ಬಹಳ ವಿಶ್ವಾಸ. ನಮ್ಮ ಸಮಾಜದ ಜನಸಂಖ್ಯೆಯೇ ನಾಲ್ಕು: ಮರ್ಯಾದೆ ಹೋಗುವುದು ನಾಲ್ಕು ಜನರ ಮುಂದೆ, ಆಡಿಕೊಳ್ಳುವವರು ನಾಲ್ಕು ಜನ, ಕಷ್ಟಕ್ಕೆ ಬೇಕಾಗುವವರೂ ನಾಲ್ಕು ಜನ. ಮೂವರೇ ಇದ್ದು ಹೊರಡಲೇಬೇಕಾದರೆ ಪರಿಹಾರವೂ ಉಂಟು. ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡರೆ ಅದು ನಾಲ್ಕನೆಯವರಾಗುತ್ತದೆ. ಕಲ್ಲನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಿಕೊಳ್ಳುವಷ್ಟು ಉದಾರಿಗಳು ನಾವು.

ಶೈಲಾ ಆ ಪರಿಹಾರವನ್ನೇ ಸೂಚಿಸಿದಳು. ನಾನು ಮೆಲಾರೆನ್ ದಡಕ್ಕೆ ಹೋಗಿ, ನೋಡಲು ಲಕ್ಷಣವಾಗಿರುವ, ಕೈಗೆ ಹಿತವಾದ ಒಂದು ಕಲ್ಲನ್ನು ಆರಿಸಿ ತಂದೆ. ಅತ್ತೆ ಅದನ್ನು ತಿರುಗಿಸಿ ನೋಡಿದರು.

"ಹೋಗೋದು ದೋಣೀಲಿ ಅಲ್ವೇನೋ? ಮುಳುಗೋ ವಸ್ತುನ ಜೊತೆಗಿಟ್ಕೊಂಡು ಯಾರಾದ್ರೂ ದೋಣಿ ಹತ್ತುತಾರಾ?"

ಕಲ್ಲಿನ ಬದಲು ನಿಂಬೆಹಣ್ಣಾದರೆ ತೇಲುತ್ತದೆ ಎಂದು ಸಣ್ಣದಾಗಿ ಹೇಳಿ ನೋಡಿದೆ. ಅದು ಅವರ ಕಿವಿಗೆ ಬೀಳಲಿಲ್ಲ. ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಉಮೇಶನ ಮನೆ ಎರಡು ಬಸ್ ಸ್ಟಾಪಿನಾಚೆ. ಜೂನ್ ತಿಂಗಳ ಸಂಜೆ, ಸ್ವೀಡನ್ನಿನ ಸೂರ್ಯ ಮುಳುಗುವ ಯೋಚನೆಯನ್ನೇ ಮಾಡಿರಲಿಲ್ಲ. ಆರು ತಿಂಗಳು ಕತ್ತಲು ತಿಂದ ಜನ ಹುಲ್ಲಿನ ಮೇಲೆ ಹಪ್ಪಳ ಒಣಗಿಸಿದ ಹಾಗೆ ಮೈಚೆಲ್ಲಿ ಮಲಗಿದ್ದರು. ಬಾಗಿಲು ತೆರೆದಾಗ ಒಳಗೆ ಮಾತ್ರ ಕತ್ತಲೆ. ರಾತ್ರಿಯ ಬೆಳಕು ತಡೆಯಲೆಂದು ಇಲ್ಲಿ ಹಾಕುವ ದಪ್ಪನೆಯ ಪರದೆಗಳನ್ನು ಅವನು ಇಳಿಬಿಟ್ಟಿದ್ದ. ಅವು ಬಹಳ ದಿನದಿಂದ ಮೇಲೇರಿದಂತೆ ಕಾಣಲಿಲ್ಲ. ಸೋಫಾದ ಮೇಲೆ ದಿಂಬು, ಹೊದಿಕೆ. ಅಡುಗೆಮನೆಯಲ್ಲಿ ಒಂದೇ ತಟ್ಟೆ.

ಅತ್ತೆ ಯಾವುದನ್ನೂ ನೋಡದವರ ಹಾಗೆ ಕುರ್ಚಿ ಎಳೆದು ಕೂತು, ತಮ್ಮ ಅಹವಾಲನ್ನು ಮುಂದಿಟ್ಟರು. ಮೂವರಾಗಿದ್ದೇವೆ, ನಾಲ್ಕನೆಯವರು ಬೇಕು, ಇವನು ತಂದ ಕಲ್ಲು ದೋಣಿಗೆ ಆಗಿಬರುವುದಿಲ್ಲ.

ಉಮೇಶ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಪರದೆ ಬಿಟ್ಟರೆ ನೋಡಲು ಅಲ್ಲಿ ಏನೂ ಇರಲಿಲ್ಲ.

"ಬೇಡ ಅತ್ತೆ. ಆ ಟ್ರಿಪ್ ಪ್ಲಾನ್ ಮಾಡಿದ್ದೇ ಬೇರೆ ಟೈಮಲ್ಲಿ. ನಾನು ಬಂದ್ರೆ ಎಲ್ಲರ ಮೂಡೂ ಹಾಳು."

"ನಿನ್ನ ಮೂಡು ಯಾರಿಗೆ ಬೇಕಪ್ಪ? ನನಗೆ ಲೆಕ್ಕಕ್ಕೆ ಒಂದು ತಲೆ ಬೇಕು. ನೀನು ನಗಬೇಡ, ಮಾತಾಡಬೇಡ, ಫೋಟೋಗೂ ನಿಲ್ಲಬೇಡ. ಕಲ್ಲಿನ ಹಾಗೆ ಕೂತಿರು, ಸಾಕು."

ಉಮೇಶ ಸೋಫಾದ ಮೇಲಿನ ಹೊದಿಕೆಯನ್ನು ಮಡಿಸಿಟ್ಟ. ಆಮೇಲೆ ಅವನು, "ಅದೊಂದು ಈಗ ಚೆನ್ನಾಗಿ ಬರುತ್ತೆ ಅತ್ತೆ," ಎಂದ. ಫೆಬ್ರವರಿಯಿಂದ ಈಚೆಗೆ ಅವನ ಬಾಯಿಂದ ನಾನು ಕೇಳಿದ ಮೊದಲ ತಮಾಷೆ ಅದು. ಅತ್ತೆ ನಗಲಿಲ್ಲ. ಎದ್ದು ಹೋಗಿ ಪರದೆಯ ಹಗ್ಗವನ್ನು ಎಳೆದು, ಕಾಫಿಪುಡಿ ಎಲ್ಲಿಟ್ಟಿದ್ದೀಯ ಎಂದರು.

ಹೀಗೆ ಜುಲೈನಲ್ಲಿ ನಾವು ನಾಲ್ವರು ಇಡ್ಲಿ ಕೆರೆಯ ದಡದಲ್ಲಿ ಇಳಿದೆವು. ತಯಾರಿಯ ಸುಖ ಅಷ್ಟು ದೊಡ್ಡದಾಗಿರುವಾಗ ನಿಜವಾದ ಪ್ರವಾಸ ಸಪ್ಪೆಯಾಗುವುದೇ ಹೆಚ್ಚು. ಇಲ್ಲಿ ಹಾಗಾಗಲಿಲ್ಲ. ದೋಣಿಗೆ ಚಕ್ರಗಳಿದ್ದವು. ಅದು ಬಸ್ಸಿನ ಹಾಗೆ ನಮ್ಮನ್ನು ಹೊತ್ತು ಕಲ್ಲುದಾರಿಯಲ್ಲಿ ಕುಲುಕಾಡಿ, ಎಮ್ಮೆ ಇಳಿದ ಹಾಗೆ ನೀರಿಗಿಳಿಯಿತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಅತ್ತೆ ಸೀರೆ, ಸ್ವೆಟರು, ಶಾಲು, ನನ್ನ ಹಳೆಯ ಕೋಟು ಇಷ್ಟರ ಮೇಲೂ ತೊಟ್ಟಿದ್ದರು. ಸುತ್ತಲೂ ನೀಲಿ, ಬಿಳಿ, ಜ್ವಾಲಾಮುಖಿಯ ಬೂದಿ ಮೆತ್ತಿದ ಕಪ್ಪು ಗುಡ್ಡಗಳು ಸದ್ದಿಲ್ಲದೆ ಸಮುದ್ರದ ದಾರಿ ಹಿಡಿದಿದ್ದವು. ಗೈಡ್ ಹುಡುಗಿ ನೀರಿನಿಂದ ಗಾಜಿನಂಥ ಒಂದು ತುಂಡನ್ನೆತ್ತಿ ಚೂರು ಮಾಡಿ ಹಂಚಿದಳು. ನನ್ನ ಕಾಲ ಬಳಿ ಬಿದ್ದ ಚೂರನ್ನು ನಾನು ಯಾರಿಗೂ ಕೊಡಲಿಲ್ಲ.

ಉಮೇಶ ಒಪ್ಪಂದದಂತೆ ಕಲ್ಲಾಗಿ ಕೂತಿದ್ದ. ನಾವೂ ಒಪ್ಪಂದ ಮುರಿಯಲಿಲ್ಲ, ಅವನನ್ನು ಮಾತಿಗೆಳೆಯಲಿಲ್ಲ. ದೋಣಿ ವಾಪಸು ತಿರುಗುವ ಹೊತ್ತಿಗೆ ನಮ್ಮೆದುರಿನ ಒಂದು ಗುಡ್ಡ ಮೆಲ್ಲಗೆ ಓಲಾಡಿತು, ಇನ್ನಷ್ಟು ಓಲಾಡಿತು, ಮೈ ತಿರುವಿ ಪೂರ್ತಿ ಮಗುಚಿಕೊಂಡಿತು. ಅಷ್ಟು ದಿನ ನೀರಿನಡಿಯಲ್ಲಿ ಇದ್ದ ಭಾಗ ಮೇಲೆ ಬಂತು. ಮೇಲಿನ ಮಸಿಯೆಲ್ಲ ಕೆಳಗೆ ಹೋಗಿ, ಬಂದದ್ದು ಅಚ್ಚ ನೀಲಿ.

"ಇಡ್ಲಿ ಮಗುಚಿತು," ಎಂದ ಉಮೇಶ.

ಶೈಲಾ ಅವನ ಕಡೆ ನೋಡಿದಳು. ನನಗೆ ಚಮಚ, ಕುಕ್ಕರು, ಉಪ್ಪು ಕಡಿಮೆ ಎಂದ ದೀಪ್ತಿ ಎಲ್ಲ ಒಟ್ಟಿಗೆ ನೆನಪಾದರು. ಅವನಿಗೂ ಆಗಿರಬೇಕು, ಕಣ್ಣು ಒರೆಸಿಕೊಂಡ. ಅತ್ತೆ ಶಾಲಿನೊಳಗಿಂದಲೇ, "ಬೆಂದಿದೆಯಾ ನೋಡು," ಎಂದರು. ಅವನು ನಕ್ಕ. ಕಣ್ಣು ಒರೆಸಿಕೊಳ್ಳುತ್ತಲೇ ಬಹಳ ಹೊತ್ತು ನಕ್ಕ. ಮಗುಚಿದ ಗುಡ್ಡ ಹೊಸ ಮಗ್ಗುಲಲ್ಲಿ ನೆಲೆನಿಂತು ತೇಲತೊಡಗಿತು.

ಅತ್ತೆ ತಿಪಟೂರಿಗೆ ಹೊರಡುವ ಮುನ್ನ, ಪೆಟ್ಟಿಗೆ ಕಟ್ಟುವಾಗ, ಒಂದು ಹಳೆಯ ಸಂಗತಿ ನನಗೆ ಹೊಳೆಯಿತು. ನಾನು ಚಿಕ್ಕವನಿದ್ದಾಗ ಇವರು ಅಕ್ಕತಂಗಿಯರು ಕಾಶಿಗೆ ಹೋಗಿದ್ದು ಮೂವರೇ. ಹಂಪಿಗೆ ಹೋಗಿದ್ದೂ ಮೂವರೇ. ಕಲ್ಲಿನ ಮಾತನ್ನು ಆಗ ಯಾರೂ ಎತ್ತಿರಲಿಲ್ಲ. ಕೇಳಿಯೇಬಿಟ್ಟೆ.

"ಹೋಗಿದ್ವಿ. ಏನೀಗ?" ಎಂದು ಅತ್ತೆ ಸೀರೆ ಮಡಿಸಿದರು. ಮಡಿಸಿ ಮುಗಿಸಿದ ಮೇಲೆ, "ಆಗ ನಮಗೆ ಗೊತ್ತಿದ್ದೋರು ಯಾರೂ ಹಗಲು ಹೊತ್ತಲ್ಲಿ ಪರದೆ ಇಳಿಬಿಟ್ಕೊಂಡು ಕೂತಿರಲಿಲ್ಲ," ಎಂದರು.

ಆ ಕಲ್ಲು ನಮ್ಮ ಬಾಲ್ಕನಿಯ ಬಾಗಿಲು ಬಡಿದುಕೊಳ್ಳದಂತೆ ತಡೆಯುವ ಕೆಲಸಕ್ಕೆ ಸೇರಿಕೊಂಡಿತು.

ಮುಂದಿನ ಚಳಿಗಾಲದಲ್ಲಿ ಮೆಲಾರೆನ್ ಚೆನ್ನಾಗಿ ಹೆಪ್ಪುಗಟ್ಟಿತು. ಒಂದು ಶನಿವಾರ ಅದರ ಮೇಲೆ ನಡೆದು ಹತ್ತಿರದ ದ್ವೀಪಕ್ಕೆ ಹೋಗಿಬರೋಣ ಎಂದು ಉಮೇಶ ಯೋಜನೆ ಹಾಕಿದ. ನಾನು, ಶೈಲಾ, ಅವನು. ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದಾಗ ಅವನು ಇದ್ದಕ್ಕಿದ್ದಂತೆ ಫೋನು ತೆಗೆದ. ರೈಲಿನಲ್ಲಿ ಎರಡು ಮೂರು ಗಂಟೆ ದೂರದ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ದಾವಣಗೆರೆಯಿಂದ ಇರ್ಫಾನ್ ಎಂಬೊಬ್ಬ ಎಂಜಿನಿಯರ್ ಹೊಸದಾಗಿ ಬಂದಿದ್ದ. ಅವನ ಹೆಂಡತಿಯ ವೀಸಾ ಆಗಿರಲಿಲ್ಲ, ಶನಿವಾರ ಭಾನುವಾರ ಕೋಣೆಯಲ್ಲೇ ಮಲಗಿರುತ್ತಾನೆಂದು ಯಾರೋ ಹೇಳಿದ್ದರು.

"ಇರ್ಫಾನ್, ಒಂದು ಪ್ರಾಬ್ಲಮ್ ಆಗಿದೆ," ಎಂದ ಉಮೇಶ. "ನಾವು ಮೂವರಾಗಿಬಿಟ್ಟಿದ್ದೀವಿ. ಮೂವರು ಹೊರಡೋ ಹಾಗಿಲ್ಲ."

ಆ ಕಡೆಯವನು ಏನೋ ಕೇಳಿದ. ಕಲ್ಲಿನ ಸಂಗತಿ ಅವನಿಗೂ ಗೊತ್ತಿರಬೇಕು.

"ಕಲ್ಲು ಆಗಲ್ಲ," ಎಂದ ಉಮೇಶ. "ನೀರಿನ ಮೇಲೆ ಹೋಗ್ತಿರೋದು."

ನಾವು ಹೊರಡುವುದನ್ನು ಭಾನುವಾರಕ್ಕೆ ಮುಂದೂಡಿದೆವು. ಅಂದೇ ಸಂಜೆ, ಎರಡು ಕಡೆ ರೈಲು ಬದಲಿಸಿ, ಮಫ್ಲರು ಸುತ್ತಿಕೊಂಡು ಇರ್ಫಾನ್ ಬಂದ.