ಅಣ್ಣನ ಅಂಗಡಿಯ ಮ್ಯಾಪ್

ಅಣ್ಣ ಕೇಳಿದ್ದು ಒಂದೇ. ನಾವುಂದದಲ್ಲಿ ಹೆದ್ದಾರಿ ಅಗಲ ಮಾಡುವಾಗ ಕೆಡವಿದ ಅವನ ಕಂಪ್ಯೂಟರ್ ಗೇಮಿನ ಅಂಗಡಿಯೊಳಗೆ ಇನ್ನೊಮ್ಮೆ ಓಡಾಡಬೇಕು. ಬಾರ್ಕೂರಿನ ನನ್ನ ಮನೆಗೆ ಅವನನ್ನು ಕರೆತರುವಾಗಲೇ ನರದ ಕಾಯಿಲೆ ಕಾಲುಗಳನ್ನು ತಿಂದು ಮುಗಿಸಿತ್ತು, ಈಗ ಕೈಗೆ ಬಂದಿತ್ತು. ಬೆರಳು ಆಡುತ್ತಿರುವಾಗಲೇ ನಾನು ಆ ಅಂಗಡಿಯನ್ನು ಹಳೆಯ ಶೂಟಿಂಗ್ ಗೇಮೊಂದರ ಮ್ಯಾಪ್ ಆಗಿ, ಅಂದರೆ ಆಡುವವರು ಒಳಗೆ ಓಡಾಡುವ ಜಾಗವಾಗಿ, ಕಟ್ಟಿಕೊಡಬೇಕಿತ್ತು.

ಮ್ಯಾಪ್ ಮಾಡುವ ಎಡಿಟರು ಎಂಬ ತಂತ್ರಾಂಶಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಮೊದಲನೆಯದು ಸುಲಭ. ಮೇಲಿನಿಂದ ನೋಡಿದ ಹಾಗೆ ಗೆರೆ ಎಳೆದರೆ ಗೋಡೆ ಏಳುತ್ತದೆ. ಗೋಡೆಯೆಲ್ಲ ಮುಗಿದ ಮೇಲೆ ತಿಳಿಯಿತು, ಅದರಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕೂರುವುದಿಲ್ಲ. ಅಂಗಡಿಗೆ ಅಟ್ಟವಿತ್ತು, ಮಧ್ಯಾಹ್ನ ಅಣ್ಣ ಮಲಗುತ್ತಿದ್ದದ್ದು ಅಲ್ಲೇ. ಇನ್ನೊಂದು ಎಡಿಟರಿನಲ್ಲಿ ಲೋಕವೆಲ್ಲ ಗಟ್ಟಿ ಕಲ್ಲು, ಬಾವಿ ತೋಡಿದ ಹಾಗೆ ಕೋಣೆ ತೋಡಬೇಕು. ನನಗೆ ಅದು ಹಿಡಿಸಿತು. ಆದರೆ ಅದು ಬೇರೆ ಗೇಮಿನದು.

"ನನ್ನ್ ಅಂಗ್ಡಿಯೊಳ್ಗೆ ಆ ಗೇಮ್ ಯಾರ್ ಆಡಿದ್ರ್ ಹೆಣೆ? ಅದ್ ಬ್ಯಾಡ," ಅಂದ. ತಂಗಿಯಾದ ನನ್ನನ್ನು ಅವನು ಕರೆಯುವುದೇ ಹೆಣೆ ಎಂದು. ಅವನ ಹಟವನ್ನು ಮಾತ್ರ ಕಾಯಿಲೆ ಮುಟ್ಟಿರಲಿಲ್ಲ.

ಹಾಗಾಗಿ ಮೂರನೆಯದಕ್ಕೆ ಬಂದೆ. ಅಲ್ಲಿ ಎಲ್ಲವನ್ನೂ ಶೂನ್ಯದಲ್ಲಿ ಕಟ್ಟಬೇಕು. ನೆಲ, ಗೋಡೆ, ಮಾಡು ಎಲ್ಲೂ ಸಂದಿ ಇರಬಾರದು. ಇದ್ದರೆ 'ಸೋರುತ್ತಿದೆ' ಎಂದು ಹೇಳಿ ಕೆಲಸ ನಿಲ್ಲಿಸಿಬಿಡುತ್ತದೆ. ನನ್ನದು ಸೋರಿತು. ಬಾಗಿಲು ನೋಡಿದೆ, ಕಿಟಕಿ ನೋಡಿದೆ, ವಾರಗಟ್ಟಲೆ ತಲೆ ಚಚ್ಚಿಕೊಂಡೆ. ಎಡಿಟರು ಕೆಂಪು ಗೆರೆ ಎಳೆದು ತೂತು ತೋರಿಸುತ್ತಿತ್ತು. ಆ ಗೆರೆ ಪ್ರತಿ ಸಲವೂ ಗೋಡೆ ಮತ್ತು ಹಂಚಿನ ಮಾಡಿನ ನಡುವಿನಿಂದ ಹೊರಗೆ ಹೋಗುತ್ತಿತ್ತು. ಗೆರೆಯೇ ತಪ್ಪು ಅಂದುಕೊಂಡೆ. ನಮ್ಮ ಕಡೆ ಅದನ್ನು ಯಾರೂ ತೂತು ಅನ್ನುವುದಿಲ್ಲ, ಗಾಳಿಯಾಡಲೆಂದು ಬಿಡುವ ಜಾಗ ಅದು. ಮುಚ್ಚಿದರೆ ಸೆಖೆಗೆ ಒಳಗೆ ಕೂರಲಿಕ್ಕಾಗುವುದಿಲ್ಲ. ಸೆಖೆಯೇ ಇಲ್ಲದ ಕೋಣೆಗೆ ನಾನು ಗಾಳಿ ಬಿಡುತ್ತಿದ್ದೆ.

ಕೊನೆಗೆ ಅಂಗಡಿಯ ಸುತ್ತಲೂ ಮೇಲೂ ಆಕಾಶದ ಬಣ್ಣದ ಹಲಗೆಗಳನ್ನು ಪೆಟ್ಟಿಗೆಯ ಹಾಗೆ ನಿಲ್ಲಿಸಿದಾಗ, ಮಾಡಿನ ಸಂದಿ ಹಾಗೇ ಇದ್ದೂ ಸೋರುವುದು ನಿಂತಿತು, ಮ್ಯಾಪ್ ತೆರೆಯಿತು. ಇಷ್ಟು ಹೊಳೆಯುವುದಕ್ಕೆ ನನ್ನ ಹಾಳು ಬುದ್ಧಿಗೆ ಒಂದು ಮಳೆಗಾಲ ಬೇಕಾಯಿತು.

ಅಣ್ಣನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅಂಗಡಿಯ ಬಾಗಿಲನ್ನು ಅವನು ತುಂಬ ಹೊತ್ತು ನೋಡಿದ. ಅವನ ಕೈಯನ್ನು ನಾನೇ ಎತ್ತಿ ಕೀಬೋರ್ಡಿನ ಮೇಲಿಟ್ಟೆ. ಬೆರಳುಗಳು ಇಟ್ಟಲ್ಲೇ ಇದ್ದವು. ಒಂದು ಕೀಯನ್ನೂ ಒತ್ತಲಾಗಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಆತಿಲ್ಲ ಹೆಣೆ," ಅಂದ. "ನೀನ್ ನಡಿ. ನಾ ಹಿಂದ್ ಬತ್ತೆ."

ಆ ಗೇಮಿನಲ್ಲಿ ಹೋಗುವುದಿದ್ದರೆ ಒಬ್ಬರೇ ಹೋಗಬೇಕು. ನಾನು ಕೀ ಒತ್ತಿ ಅಂಗಡಿಯ ಬಾಗಿಲು ತೆರೆದು ಒಳಗೆ ಹೋದೆ.