ಹೆಸ್ಟರಮ್ಮ ಕಾದ ಬೂಟಿನ ಗುರುತು

ಹೆಸ್ಟರಮ್ಮನಂಥ ಇನ್ನೊಬ್ಬ ಗಟ್ಟಿಗಿತ್ತಿಯನ್ನು ನಾನಂತೂ ಕಂಡಿಲ್ಲ. ಎಂಬತ್ತರ ಹತ್ತಿರದ ಮುದುಕಿ. ನಾರ್ಫೋಕಿನ ನಮ್ಮ ಹಳ್ಳಿಯಲ್ಲಿ ಕೋಳಿ ಸಾಕಿಕೊಂಡು, ಚರ್ಚಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು. ಸುತ್ತಲಿನ ಚರ್ಚುಗಳ ಚಾವಣಿಯಿಂದ, ಗುಜರಿಯಲ್ಲಿ ಒಳ್ಳೇ ಬೆಲೆ ಸಿಗುವ ಸೀಸದ ತಗಡು ಕಳುವಾಗಿ, ಮಳೆನೀರು ಒಳಗೆ ಸುರಿಯತೊಡಗಿದ ಮೇಲೆ ಅವಳಿಗೆ ಊಟವೇ ರುಚಿಸುತ್ತಿರಲಿಲ್ಲ. ನಮ್ಮ ಚರ್ಚಿನ ಚಾವಣಿಯ ತಗಡಿನಲ್ಲಿ ಅವಳ ಅಣ್ಣನ ಬೂಟಿನ ಗುರುತಿತ್ತು.

ಚಾವಣಿ ಕೆಲಸದವರ ಹಳೇ ಪದ್ಧತಿ ಅದು. ಕೆಲಸ ಮುಗಿದ ದಿನ ತಗಡಿನ ಮೇಲೆ ಕಾಲಿಟ್ಟು, ಸುತ್ತ ಚಾಕುವಿನಿಂದ ಗೀರಿ, ಹೆಸರು ಕೊರೆಯುತ್ತಾರೆ. ಆ ಕೆಲಸಕ್ಕೆ ಸೇರಿದ್ದ ಅಣ್ಣ ವಿಲ್ಫ್ ಕೊರೆದಾಗ ಹೆಸ್ಟರಮ್ಮ ಆರು ವರ್ಷದವಳು. ಮರುವರ್ಷ ಮೀನಿನ ಹಡಗು ಹತ್ತಿದವನು ಹೆಣವಾಗಿಯೂ ಮರಳಲಿಲ್ಲ. ಗೋರಿಯಿಲ್ಲ, ಒಂದು ಫೋಟೋ ಕೂಡ ಇಲ್ಲ. ಎತ್ತರವೆಂದರೆ ತಲೆ ಸುತ್ತುವ ಅವಳು ಆ ಗುರುತನ್ನು ಒಮ್ಮೆಯೂ ನೋಡಿರಲಿಲ್ಲ. ನೋಡದ್ದನ್ನು ಜೀವಮಾನವಿಡೀ ಕಾದವಳಿಗೆ ಏನು ಹೇಳೋಣ!

ಹೋದ ವಸಂತದಲ್ಲಿ ಒಂದು ಬೆಳಿಗ್ಗೆ ಇಬ್ಬರು ನಮ್ಮ ಚರ್ಚಿಗೆ ಏಣಿ ಹಾಕಿ ಮೇಲೆ ಹತ್ತಿದರು. ಕೆಲಸಗಾರರ ಹಳದಿ ಜಾಕೆಟ್ ತೊಟ್ಟವರನ್ನು ನಮ್ಮೂರಿನವರು ಯಾರೆಂದು ಕೇಳುವುದಿಲ್ಲ, ಟೀಗೆ ಸಕ್ಕರೆ ಎಷ್ಟೆಂದು ಕೇಳುತ್ತಾರೆ. ಹೆಸ್ಟರಮ್ಮ ಬರುವಷ್ಟರಲ್ಲಿ ಅವರು ಕೆಳಗಿಳಿದು ಯಾರದೋ ಮನೆಯ ಕೇಕು ಮೆಲ್ಲುತ್ತಿದ್ದರು.

"ಕೆಲ್ಸ ಮುಗಿದ್ಮೇಲೆ ಬೂಟು ಕೊರೀತೀರಿ ತಾನೆ?" ಎಂದಳು.

"ಯಾವ ಬೂಟು ಅಜ್ಜೀ? ನಿಮ್ದೇನಾದ್ರೂ ಹರಿದೋಯ್ತಾ?" ಇಬ್ಬರೂ ನಕ್ಕರು.

ಅವಳೂ ನಕ್ಕಳು. "ಹೋಗ್ಲಿ ಬಿಡ್ರಪ್ಪ, ಟೀ ಆರೋಗತ್ತೆ."

ಅವರು ಮತ್ತೆ ಮೇಲೆ ಹತ್ತಿದ್ದೇ ತಡ, ನನ್ನ ತೋಳು ಹಿಡಿದು, "ಏಣಿ ಹಿಡಿ, ಬಾಯಿ ಮುಚ್ಚು" ಎಂದಳು. ಇಬ್ಬರೂ ಸೇರಿ ಏಣಿಯನ್ನು ಹುಲ್ಲಿನ ಮೇಲೆ ಮಲಗಿಸಿದೆವು. ಪೊಲೀಸರಿಗೆ ಫೋನ್ ಮಾಡಿ, ಹೆಸ್ಟರಮ್ಮ ಆ ಏಣಿಯ ಮೇಲೇ ಕುಳಿತಳು.

"ಏ ಮುದ್ಕಿ, ಏಣಿ ಕೊಡೇ! ತಲೆ ಕೆಟ್ಟಿದ್ಯಾ?"

"ಪೊಲೀಸ್ನೋರು ತರ್ತಾರೆ ಮಗಾ. ಅಲ್ಲೀವರ್ಗೂ ಊರು ನೋಡ್ತಿರು."

ಒಬ್ಬ ಸುತ್ತಿಗೆ ಬೀಸಿ ಎಸೆದ. ಅವಳ ಪಾದದ ಪಕ್ಕದಲ್ಲೇ ಬಿತ್ತು. ನಾನು ಹಾರಿಬಿದ್ದೆ, ಅಬ್ಬಾ, ಆ ಹೆಂಗಸು ಕಾಲು ಕೂಡ ಸರಿಸಲಿಲ್ಲ!

ಕಳ್ಳರನ್ನು ಇಳಿಸಿದ ಪೊಲೀಸಿನವನು, ಅರ್ಧ ತಗಡು ಕಿತ್ತು ಸುರುಳಿ ಸುತ್ತಿಟ್ಟಿದ್ದಾರೆ ಎಂದ. ಅವಳ ಮುಖ ಆಗ ಬಿಳುಚಿತು. ಗೋಪುರದ ಬಾಗಿಲಿನ ಬೀಗ ತೆಗೆದು, ನನ್ನ ಕೈ ಹಿಡಿದು, ಕಣ್ಣು ಮುಚ್ಚಿಕೊಂಡೇ ಚಾವಣಿಗೆ ಹೋಗುವ ಮೆಟ್ಟಿಲು ಹತ್ತಿದಳು. ಸುರುಳಿಗಳ ಆಚೆ, ಇನ್ನೂ ಕೀಳದ ತಗಡಿನಲ್ಲಿ ಬೂಟಿನ ಗೆರೆಯೂ ವಿಲ್ಫನ ಹೆಸರೂ ಇದ್ದವು.

ಹೆಸ್ಟರಮ್ಮ ಆ ಗೆರೆಯ ಪಕ್ಕದಲ್ಲಿ ತನ್ನ ಬೂಟು ಇಟ್ಟು ನೋಡಿದಳು. ಅವಳದೇ ದೊಡ್ಡದು. ಮೆಲ್ಲಗೆ ಮಂಡಿಯೂರಿ ಅಣ್ಣನ ಗೆರೆಯೊಳಗೆ ಅಂಗೈ ಇಟ್ಟಳು.

"ನಮ್ಮಣ್ಣ ಬಾಗಿಲು ತುಂಬೋ ಆಳು ಅಂದ್ಕೊಂಡಿದ್ದೆ ಕಣೋ," ಎಂದಳು. "ನೋಡಿಲ್ಲಿ, ಇನ್ನೂ ಮಗೂ ಕಾಲು."