ಹದಿಮೂರು–ಒಂದರ ಮರ್ಯಾದೆ

ಪ್ಯೂಮೋರ್‌ಗೆ ಬಂದು ಹದಿನಾಲ್ಕು ತಿಂಗಳಾಗಿದ್ದರೂ ಐಲ್ಸಾ ಗಿಲ್ಮೋರ್‌ಗೆ ಫ್ರೆಂಚಿನಲ್ಲಿ ಒಬ್ಬರೂ ಬೈದಿರಲಿಲ್ಲ. ಅದೇ ಅವಳ ಕೊರಗು.

ಸ್ಕಾಟ್ಲೆಂಡಿನ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು ದಕ್ಷಿಣ ಫ್ರಾನ್ಸಿನ ಈ ಊರಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದಳು. ಬೆಳಿಗ್ಗೆ ವ್ಯಾಕರಣದ ಪುಸ್ತಕ, ಮಧ್ಯಾಹ್ನ ರೇಡಿಯೊ. ಕಲಿತದ್ದನ್ನು ಜನರ ಮೇಲೆ ಪ್ರಯೋಗಿಸಲು ಹೊರಟರೆ ಎಲ್ಲ ಕಡೆಯೂ ಒಂದೇ ಕಥೆ. ಬೇಕರಿಯವಳು, ಔಷಧಿ ಅಂಗಡಿಯವನು, ಪಕ್ಕದ ಮನೆಯವರು, ಎಲ್ಲರೂ ಕಿವಿ ಕೇಳದವರೊಡನೆ ಮಾತಾಡುವಂತೆ ನಿಧಾನವಾಗಿ ಮಾತಾಡಿ, "ನಿಮ್ ಫ್ರೆಂಚ್ ತುಂಬಾ ಚೆನ್ನಾಗಿದೆ ಮದಾಮ್" ಎಂದು ಹೊಗಳಿ ಬಾಗಿಲು ತೆರೆದು ಹಿಡಿಯುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಊರಿನ ನಿಜವಾದ ಮಾತು ನಡೆಯುತ್ತಿದ್ದುದು ಚೌಕದ ಮರಗಳಡಿ, ಪೆತಾಂಕ್ ಅಂಗಳದಲ್ಲಿ. 'ಹಂದಿಮರಿ' ಎಂದು ಕರೆಯುವ ಪುಟ್ಟ ಮರದ ಗೋಲಿಯ ಹತ್ತಿರಕ್ಕೆ ಕಬ್ಬಿಣದ ಗುಂಡು ಎಸೆಯುವುದು ಆಟ; ಹತ್ತಿರ ನಿಂತ ಗುಂಡಿಗೆ ಪಾಯಿಂಟ್, ಮೊದಲು ಹದಿಮೂರು ಮುಟ್ಟಿದವರಿಗೆ ಗೆಲುವು. ಎಸೆದವನ ಕಣ್ಣು, ಕೈ, ವಂಶ, ಅವನ ಹೆಂಡತಿ ಮಾಡಿದ ಸೂಪು ಎಲ್ಲವನ್ನೂ ಹೀಗಳೆಯುವುದು ಅದಕ್ಕಿಂತ ದೊಡ್ಡ ಆಟ. ನಿವೃತ್ತ ಅಂಚೆಯವನೂ ಕ್ಲಬ್ಬಿನ ಹಿರಿಯನೂ ಆದ ಒನೊರೇ ಇದರಲ್ಲಿ ಊರಿಗೇ ಮೊದಲಿಗ. ಐಲ್ಸಾ ವಸಂತದಲ್ಲಿ ಸದಸ್ಯೆಯಾದಳು. ಅವಳಿಗೆ ಆಟ ಬರುತ್ತಿರಲಿಲ್ಲ. ಹನ್ನೆರಡು ಆಟ ಆಡಿದಳು, ಹನ್ನೆರಡರಲ್ಲೂ ಹದಿಮೂರು–ಒಂದರಿಂದ ಸೋತಳು.

"ಬಹಳ ಚೆನ್ನಾಗಿ ಆಡಿದ್ರಿ ಮದಾಮ್," ಎಂದು ಒನೊರೇ ಪ್ರತಿ ಸಲವೂ ತಲೆಬಾಗುತ್ತಿದ್ದ.

ಅಂಗಳದ ಪಕ್ಕ ಕ್ಲಬ್ಬಿನ ಪಾನೀಯದ ಕೌಂಟರ್ ನೋಡಿಕೊಳ್ಳುವ ಮಿರೆಯ್‌ಳನ್ನು ಐಲ್ಸಾ ಒಂದು ದಿನ ಹಿಡಿದು, ಪ್ರತಿ ಸಲವೂ ತನಗೆ ಸರಿಯಾಗಿ ಒಂದೇ ಪಾಯಿಂಟ್ ಬರುವುದು ಹೇಗೆ ಎಂದು ಕೇಳಿದಳು. ಮಿರೆಯ್ ಗೋಡೆಯ ಪುಟ್ಟ ಕಪಾಟು ತೆರೆದು ತೋರಿಸಿದಳು. ಒಳಗೆ ಗಾರೆಯಲ್ಲಿ ಮಾಡಿ ಗುಲಾಬಿ ಬಣ್ಣ ಬಳಿದ ಒಂದು ಹೆಣ್ಣಿನ ಕುಂಡಿ.

"ಇವಳು ಫಾನಿ. ಒಂದೂ ಪಾಯಿಂಟ್ ಇಲ್ದೆ ಸೋತವರು ಮಂಡಿಯೂರಿ ಇಲ್ಲಿಗೆ ಮುತ್ತಿಡ್ಬೇಕು. ನಿಮಗೆ ಆ ಗತಿ ಬರ್ಬಾರ್ದು ಅಂತ ಒಂದು ಪಾಯಿಂಟ್ ಬಿಟ್ಕೊಡ್ತಾರೆ. ಅತಿಥಿ ಅಲ್ವಾ?"

"ಬೇರೆಯವರೆಲ್ಲ ಮುತ್ತಿಟ್ಟಿದ್ದಾರಾ?"

"ಊರಿಗೆ ಊರೇ! ಪಾದ್ರಿಗಳೂ ಇಟ್ಟಿದ್ದಾರೆ. ಕಣ್ಣು ಮುಚ್ಕೊಂಡು."

ಐಲ್ಸಾ ಆ ವಾರವೆಲ್ಲ ಯೋಚಿಸಿದಳು. ಆ ಒಂದು ಪಾಯಿಂಟ್ ಇರುವವರೆಗೆ ತಾನು ಅತಿಥಿ, ಅತಿಥಿಯಾಗಿರುವವರೆಗೆ ತನ್ನೊಡನೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಸೊನ್ನೆಗೆ ಸೋಲಲೇಬೇಕು.

ಶನಿವಾರ ಅವಳಿಗೂ ಒನೊರೇಗೂ ಆಟ ಬಿತ್ತು. ಹನ್ನೆರಡು–ಸೊನ್ನೆ ಆಗುತ್ತಲೇ ಒನೊರೇ ಎಂದಿನಂತೆ ಮರ್ಯಾದಸ್ಥನಾದ. ಅವನ ಮೊದಲ ಗುಂಡು ಕಾರಂಜಿಗೆ ಬಿತ್ತು. ಐಲ್ಸಾ ತನ್ನದನ್ನು ಬೇಲಿಯಾಚೆ ಕಳಿಸಿದಳು. ಅವನ ಎರಡನೆಯದು ನಿಲ್ಲಿಸಿದ್ದ ವ್ಯಾನಿನಡಿ ಹೋಯಿತು, ಅವಳದು ಅದನ್ನೇ ಹಿಂಬಾಲಿಸಿತು. ಹಂದಿಮರಿ ಅಂಗಳದ ನಡುವೆ ಅನಾಥವಾಗಿ ಕುಳಿತಿತ್ತು.

"ಒನೊರೇ, ಕನ್ನಡಕ ಮನೇಲೇ ಬಿಟ್ಟು ಬಂದ್ಯೇನೋ?" ಎಂದಳು ಮಿರೆಯ್.

"ಬಿಸಿಲು ಕಣ್ಣಿಗೆ ಹೊಡೀತಿದೆ ಕಣೇ!"

ಬಿಸಿಲು ಅವನ ಬೆನ್ನ ಹಿಂದಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೇ ಗುಂಡು ಉಳಿದಿತ್ತು. ಅವನು ಕೊನೆಯದನ್ನೆತ್ತಿ ನೇರವಾಗಿ ರಸ್ತೆಯ ಕಡೆಗೆ ಗುರಿಯಿಟ್ಟ. ಐಲ್ಸಾಳ ಸಹನೆ ಮುಗಿಯಿತು. ವ್ಯಾಕರಣದ ಪುಸ್ತಕ ಎಲ್ಲೋ ಹಾರಿಹೋಗಿ, ಬಾಯಿಗೆ ಬಂದ ಫ್ರೆಂಚು ಬಂದ ಹಾಗೇ ಹೊರಬಿತ್ತು.

"ನೀವು ಮೋಸ ಎಸೀತಾನೆ! ದಿನಾ ಮೋಸ! ಮೋಸಗಾರ ಪೋಸ್ಟು!"

ಒನೊರೇಯ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತು.

"ಮೋಸಗಾರನಾ? ನಾನಾ? ನಲವತ್ತು ವರ್ಷದಿಂದ ಈ ಮಣ್ಣಲ್ಲಿ ಆಡ್ತಿದೀನಿ! ನೀನು ನಿನ್ನೆ ಮೊನ್ನೆ ಬಂದವಳು, ಗುಂಡು ಹಿಡಿಯೋಕೂ ಬರಲ್ಲ, ಆಲೂಗಡ್ಡೆ ಹಿಡ್ದಂಗೆ ಹಿಡೀತೀಯ! ನೋಡಿಲ್ಲಿ, ಕಣ್ಣು ಬಿಟ್ಟು ನೋಡು!"

ಗುಂಡು ಅವನ ಕೈಯಿಂದ ಹಾರಿ, ಒಂದೇ ಒಂದು ಪುಟ ನೆಗೆದು, ಹಂದಿಮರಿಗೆ ಕೆನ್ನೆಯಿಟ್ಟು ನಿಂತಿತು. ಐಲ್ಸಾ ತಡಮಾಡಲಿಲ್ಲ. ತನ್ನ ಕೊನೆಯ ಗುಂಡನ್ನು ಚರ್ಚಿನ ದಿಕ್ಕಿಗೆ ಎಸೆದಳು. ಹದಿಮೂರು–ಸೊನ್ನೆ.

ತಾನು ಮಾಡಿದ್ದೇನೆಂದು ಒನೊರೇಗೆ ಆಗ ಹೊಳೆಯಿತು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಿರೆಯ್ ಗಂಟೆ ಬಾರಿಸಿದ್ದಳು, ಕಪಾಟು ತೆರೆದಿತ್ತು. ಅರವತ್ತೊಂದರ ಐಲ್ಸಾ ಒಂದು ಕೈ ಗೋಡೆಗೆ ಕೊಟ್ಟು, ಮೊದಲು ಎಡ ಮಂಡಿ, ಆಮೇಲೆ ಬಲ ಮಂಡಿ ಊರಿ ಮುತ್ತಿಟ್ಟಳು.

"ಅದೂ ಒಂದು ಮುತ್ತೇನೇ?" ಒನೊರೇಗೆ ತಡೆಯಲಾಗಲಿಲ್ಲ. "ಕವರಿಗೆ ಸ್ಟಾಂಪ್ ಅಂಟಿಸ್ದಂಗಿತ್ತು!"

"ಪಾಪ, ಮಂಡಿ ನೋವಿರಬೇಕು," ಎಂದಿತು ಬೆಂಚಿನಿಂದ ಒಂದು ದನಿ.

"ಮಂಡಿ ಅಲ್ಲ, ಅವಳ ಊರು ಚಳಿ ಊರು. ಅಲ್ಲಿ ಮುತ್ತೂ ತಣ್ಣಗೇ!" ಎಂದ ಬೆಂಚಿನಲ್ಲಿದ್ದ ಇನ್ನೊಬ್ಬ.

"ನಿನ್ನ ಹೆಂಡತಿಗೆ ಕೇಳು, ನಿನ್ನ ಮುತ್ತು ಎಷ್ಟು ಬಿಸಿ ಇದ್ದಾನೆ ಅಂತ," ಎಂದಳು ಐಲ್ಸಾ, ನೆಲದಿಂದ ಏಳುತ್ತಾ.

ಐದು ಜನ ಒಟ್ಟಿಗೇ ಅವಳ ಫ್ರೆಂಚು ತಿದ್ದಿದರು, ಐದೂ ಬೇರೆ ಬೇರೆ ಥರ. ಯಾರದು ಸರಿ ಎಂದು ತಮ್ಮತಮ್ಮಲ್ಲೇ ಜಗಳ ಹತ್ತಿಕೊಂಡಿತು. ಐಲ್ಸಾ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಐವರನ್ನೂ ಬೈಯತೊಡಗಿದಳು.